ಟ್ರೈಕೋಗ್ರಾಮಾ ಕಡಜ: ಯಾವ ಜಾತಿ ಅಂತ ಗುರುತಿಸುವುದು ಹೇಗೆ?

ಕಬ್ಬಿನ ಗದ್ದೆಗೆ ಟ್ರೈಕೋ ಕಾರ್ಡ್ (ಟ್ರೈಕೋಗ್ರಾಮಾ ಒಳಗಿರುವ ಪತಂಗದ ಮೊಟ್ಟೆ ಅಂಟಿಸಿದ ಕಾರ್ಡ್) ಕಟ್ಟಿದವರಿಗೆ ಈ ಹುಳು ಗೊತ್ತು. ಗೊತ್ತು ಅಂದರೆ ಕಾರ್ಡಿನ ಮೇಲಿನ ಕಪ್ಪು ಮೊಟ್ಟೆ ಗೊತ್ತು, ಕಡಜವನ್ನು ಸರಿಯಾಗಿ ನೋಡಿದವರು ಕಡಿಮೆ. ಉದ್ದ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಒಂದು ರಾಗಿ ಕಾಳಿನ ಮೇಲೆ ಎರಡು ಆರಾಮಾಗಿ ನಿಲ್ಲುತ್ತವೆ. ಇದು ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ, ಮರಿ ಒಳಗಿನದ್ದನ್ನೆಲ್ಲ ತಿಂದು ಬೆಳೆಯುತ್ತದೆ, ಹಾಗಾಗಿ ಬೆಳೆ ಕೊರೆಯುವ ಹುಳು ಹುಟ್ಟುವುದೇ ಇಲ್ಲ.

ಪ್ರಪಂಚದಲ್ಲಿ ಟ್ರೈಕೋಗ್ರಾಮಾ ಜಾತಿಗಳು 200ಕ್ಕೂ ಹೆಚ್ಚು. ನಮ್ಮ ಕಡೆ ಕಬ್ಬಿನ ಕೊರಕಕ್ಕೆ ಚಿಲೋನಿಸ್ ಬಿಡುತ್ತಾರೆ, ಭತ್ತದ ಕಾಂಡ ಕೊರಕಕ್ಕೆ ಜಪೋನಿಕಮ್. ಬರಿಗಣ್ಣಿಗೆ ಎರಡೂ ಒಂದು ಚುಕ್ಕೆ. ತಪ್ಪು ಜಾತಿ ಬಿಟ್ಟರೆ ರೈತನ ದುಡ್ಡೂ ಹೋಯಿತು, ಸಮಯವೂ ಹೋಯಿತು. ಅದಕ್ಕೇ ಗುರುತಿಸುವ ಕೆಲಸ ಮುಖ್ಯ.

ಮೊದಲು ಹೊಲದಿಂದ ಮೊಟ್ಟೆ ತನ್ನಿ. ಹಾರುವ ಕಡಜದ ಹಿಂದೆ ಓಡಬೇಡಿ, ಸಿಕ್ಕುವುದಿಲ್ಲ. ಎಲೆಯ ಮೇಲೆ ಪತಂಗದ ಮೊಟ್ಟೆ ಕಪ್ಪಾಗಿದ್ದರೆ ಒಳಗೆ ಕಡಜ ಇರುವ ಸಾಧ್ಯತೆ ಜಾಸ್ತಿ. ಎಲೆ ಸಮೇತ ಕತ್ತರಿಸಿ, ಒಂದೊಂದು ಗುಂಪನ್ನು ಒಂದೊಂದು ಗಾಜಿನ ನಳಿಕೆಗೆ ಹಾಕಿ, ಬಾಯಿಗೆ ಹತ್ತಿ ಬಿಗಿಯಾಗಿ ಇಡಿ. ಹತ್ತಿ ಸಡಿಲವಾದರೆ ಸಂದಿಯಲ್ಲೇ ನುಸುಳಿ ಹೋಗುತ್ತವೆ. ಬೆಳೆ, ಊರು, ತಾರೀಖು, ಯಾವ ಪತಂಗದ ಮೊಟ್ಟೆ, ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ಪೆನ್ನಿನ ಶಾಯಿ ಆಲ್ಕೋಹಾಲ್ ತಾಗಿದರೆ ಅಳಿಸಿ ಹೋಗುತ್ತದೆ.

ಕಡಜ ಹೊರಬಂದ ಮೇಲೆ ಆಲ್ಕೋಹಾಲ್‌ಗೆ ಹಾಕಿ. ಸಾಮಾನ್ಯ ನೋಟಕ್ಕೆ ಶೇ 70ರದ್ದು ಸಾಕು. ಮುಂದೆ ಡಿಎನ್‌ಎ ನೋಡಬೇಕು ಅಂತಿದ್ದರೆ ಶೇ 95ರದ್ದೇ ಬೇಕು.

ಈಗ ಸೂಕ್ಷ್ಮದರ್ಶಕದಲ್ಲಿ ಕಾಲು ನೋಡಿ. ಭತ್ತದ ಹಳದಿ ಕಾಂಡ ಕೊರಕದ ಮೊಟ್ಟೆ ಗುಂಪಿನಿಂದ ಟ್ರೈಕೋಗ್ರಾಮಾ ಮಾತ್ರ ಬರುತ್ತದೆ ಅಂದುಕೊಳ್ಳಬೇಡಿ, ಟೆಲಿನೋಮಸ್, ಟೆಟ್ರಾಸ್ಟಿಕಸ್ ಅನ್ನುವ ಬೇರೆ ಕಡಜಗಳೂ ಬರುತ್ತವೆ. ಇವನ್ನು ಬೇರೆ ಮಾಡುವುದು ಸುಲಭ. ಪಾದದ ಗೆಣ್ಣು ಎಣಿಸಿ: ಟ್ರೈಕೋಗ್ರಾಮಾಕ್ಕೆ ಮೂರು, ಟೆಟ್ರಾಸ್ಟಿಕಸ್‌ಗೆ ನಾಲ್ಕು, ಟೆಲಿನೋಮಸ್‌ಗೆ ಐದು. ಜೊತೆಗೆ ಟ್ರೈಕೋಗ್ರಾಮಾದ ರೆಕ್ಕೆಯ ಮೇಲಿನ ಕೂದಲು ಪೈರು ನಾಟಿ ಮಾಡಿದ ಹಾಗೆ ಸಾಲು ಸಾಲಾಗಿರುತ್ತದೆ.

ಆಮೇಲೆ ಗಂಡನ್ನು ಆರಿಸಿ. ಜಾತಿ ಹೇಳುವುದು ಗಂಡು, ಹೆಣ್ಣನ್ನು ನೋಡಿ ಹೇಳುವುದು ತುಂಬಾ ಕಷ್ಟ. ಹೆಣ್ಣಿನ ಮೀಸೆಯ ತುದಿ ದಪ್ಪ ಗದೆಯಂತೆ, ಕೂದಲು ಗಿಡ್ಡ. ಗಂಡಿನ ಮೀಸೆ ತುಂಬಾ ಉದ್ದ ಕೂದಲು. ಗಂಡಿನ ಮೀಸೆಯ ತುದಿಭಾಗ ಒಂದೇ ತುಂಡಾಗಿರಬೇಕು ಅನ್ನುವುದನ್ನೂ ನೋಡಿಕೊಳ್ಳಿ. ಗೆಣ್ಣು ಗೆಣ್ಣಾಗಿದ್ದರೆ ಅದು ಟ್ರೈಕೋಗ್ರಾಮಟಾಯ್ಡಿಯಾ, ಹತ್ತಿರದ ನೆಂಟ, ಆದರೆ ಬೇರೆ ಕುಲ.

ಬಣ್ಣ ನೋಡಿ ತೀರ್ಮಾನ ಮಾಡಲೇಬೇಡಿ. ಜಪೋನಿಕಮ್ ಕಪ್ಪು ಕಂದು, ಚಿಲೋನಿಸ್ ಹಳದಿ ಅನ್ನುವುದು ಸಾಮಾನ್ಯವಾಗಿ ನಿಜ. ಆದರೆ ಚಳಿಯಲ್ಲಿ ಬೆಳೆದ ಚಿಲೋನಿಸ್ ಕೂಡ ಕಪ್ಪಾಗುತ್ತದೆ. ಡಿಸೆಂಬರ್‌ನಲ್ಲಿ ತಂದ ಒಂದು ಗುಂಪಿಗೆ ನಾನು ಬಣ್ಣ ನೋಡಿ ಜಪೋನಿಕಮ್ ಅಂತ ಚೀಟಿ ಬರೆದಿದ್ದೆ. ಸ್ಲೈಡ್ ಮಾಡಿ ನೋಡಿದಾಗ ಅಷ್ಟೂ ಚಿಲೋನಿಸ್. ಅವತ್ತಿನಿಂದ ಸ್ಲೈಡ್ ಮಾಡದೆ ಹೆಸರು ಬರೆಯುವುದಿಲ್ಲ.

ಸ್ಲೈಡ್ ಮಾಡುವುದು ಇಡೀ ಕೆಲಸದ ಜೀವ, ಇಲ್ಲಿ ಅವಸರ ಬೇಡ. ಗಂಡು ಕಡಜವನ್ನು ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ. ಇದು ಚರ್ಮ ಸುಡುತ್ತದೆ, ಕೈಗವಸು, ಕನ್ನಡಕ ಹಾಕಿಕೊಳ್ಳಿ. ಬೆಳಿಗ್ಗೆ ನೋಡಿದರೆ ಒಳಗಿನ ಮಾಂಸವೆಲ್ಲ ಕರಗಿ ಬರೀ ಗಾಜಿನಂಥ ಪೊರೆ ಉಳಿದಿರುತ್ತದೆ, ಅದನ್ನು ನೀರಿನಲ್ಲಿ ತೊಳೆದು, ಸ್ಲೈಡ್ ಮೇಲೆ ಹಾಯರ್ಸ್ ದ್ರಾವಣದ (ಹುಳುವನ್ನು ಸ್ಲೈಡಿಗೆ ಕೂರಿಸುವ ಅಂಟು ದ್ರಾವಣ) ಒಂದು ಪುಟ್ಟ ಹನಿಗೆ ಇಳಿಸಿ, ಸಣ್ಣ ಸೂಜಿಯಿಂದ ಬೆನ್ನು ಮೇಲೆ ಬರುವ ಹಾಗೆ ತಿರುಗಿಸಿ, ಕವರ್ ಸ್ಲಿಪ್ ಅನ್ನು ಓರೆಯಾಗಿ ಮೆಲ್ಲಗೆ ಬಿಡಿ. ಗುಳ್ಳೆ ಬಂದರೆ ಕವರ್ ಸ್ಲಿಪ್ ಒತ್ತಬೇಡಿ, ಹುಳು ಮಗುಚಿಕೊಳ್ಳುತ್ತದೆ.

ಈಗ 400 ಪಟ್ಟು ದೊಡ್ಡದಾಗಿ ನೋಡಿ. ಹೊಟ್ಟೆಯ ತುದಿಯಲ್ಲಿ, ಪಾರದರ್ಶಕ ಪೊರೆಯ ಒಳಗೆ, ಗಂಡಿನ ಜನನಾಂಗ ಸ್ಪಷ್ಟವಾಗಿ ಕಾಣುತ್ತದೆ. ಕೊಯ್ಯುವ ಅಗತ್ಯವೇ ಇಲ್ಲ. ಮೊದಲ ಸಲ ನೋಡಿದಾಗ ನಾನು ಬಹಳ ಹೊತ್ತು ಕಣ್ಣು ತೆಗೆದಿರಲಿಲ್ಲ, ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಅಚ್ಚುಕಟ್ಟು. ಚಿಲೋನಿಸ್ ಆದರೆ ಜನನಾಂಗದ ಬೆನ್ನಿನ ಕಡೆಯ ತಗಡು ತ್ರಿಕೋನದ ಹಾಗಿದ್ದು, ಎರಡೂ ಬದಿಗೆ ದುಂಡನೆಯ ಹೆಗಲು ಚೆನ್ನಾಗಿ ಎದ್ದು ಕಾಣುತ್ತದೆ. ಮೀಸೆಯ ಅತಿ ಉದ್ದದ ಕೂದಲು ಮೀಸೆಯ ಅಗಲದ ಸುಮಾರು ಎರಡೂವರೆ ಪಟ್ಟು, ತುದಿಗೆ ಹೋಗುತ್ತಾ ಚೂಪು. ಜಪೋನಿಕಮ್‌ನ ಆಕಾರ ಬೇರೆಯೇ, ರೇಖಾಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ. ಒಂದೇ ಹುಳು ನೋಡಿ ನಿಲ್ಲಿಸಬೇಡಿ, ಐದಾರು ಗಂಡು ನೋಡಿ.

ಈ ವಿಧಾನಕ್ಕೂ ಬೆಂಗಳೂರಿಗೂ ಹಳೆಯ ನಂಟಿದೆ. ಮೊದಲೆಲ್ಲ ಬಣ್ಣ, ಕೂದಲು ನೋಡಿ ಹೆಸರಿಡುತ್ತಿದ್ದರು, ನಮ್ಮ ಚಿಲೋನಿಸ್ ಅನ್ನೇ ಆಸ್ಟ್ರಾಲಿಕಮ್ ಅನ್ನುವ ಬೇರೆ ಜಾತಿ ಅಂತ ವರ್ಷಗಟ್ಟಲೆ ಬರೆದರು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ 1971ರಲ್ಲಿ ಗಂಡಿನ ಜನನಾಂಗವೇ ನಂಬುವಂಥ ಗುರುತು ಅಂತ ತೋರಿಸಿಕೊಟ್ಟರು. ಈಗ ಪ್ರಪಂಚದ ಯಾವ ಮೂಲೆಯಲ್ಲಿ ಟ್ರೈಕೋಗ್ರಾಮಾ ಗುರುತಿಸಿದರೂ ಇದನ್ನೇ ನೋಡುತ್ತಾರೆ. ಈ ಹೆಸರುಗಳು ನಮ್ಮ ಶಾಲೆ ಮಕ್ಕಳಿಗೂ ಗೊತ್ತಿರಬೇಕಿತ್ತು, ಅಲ್ವಾ?

ಅನುಮಾನ ಉಳಿದರೆ ಜೋಡಿ ಮಾಡಿ ನೋಡಬಹುದು. ಕಪ್ಪಾದ ಮೊಟ್ಟೆಗಳನ್ನು, ಕಡಜ ಹೊರಬರುವ ಮೊದಲೇ, ಒಂದೊಂದಾಗಿ ಬೇರೆ ನಳಿಕೆಗೆ ಹಾಕಿ. ಬಿಟ್ಟರೆ ಹುಟ್ಟಿದ ಕೂಡಲೇ ಅಣ್ಣತಂಗಿಯರೇ ಕೂಡುತ್ತವೆ. ಕೂಡದ ಹೆಣ್ಣಿಗೆ ಗೊತ್ತಿರುವ ಜಾತಿಯ ಗಂಡು ಕೊಟ್ಟು, ಅಕ್ಕಿ ಪತಂಗದ ತಾಜಾ ಮೊಟ್ಟೆ ಇಡಿ. ಗಂಡಿನ ಸಂಗ ಇಲ್ಲದ ಹೆಣ್ಣು ಗಂಡುಮರಿ ಮಾತ್ರ ಹುಟ್ಟಿಸುತ್ತದೆ. ಆದ್ದರಿಂದ ಹೆಣ್ಣುಮರಿ ಬಂದವು ಅಂದರೆ ಜೋಡಿ ಫಲಿಸಿದೆ. ಆ ಹೆಣ್ಣುಮರಿಗೂ ಸಂತಾನ ಆಗುತ್ತದಾ ಅಂತ ಇನ್ನೊಂದು ತಲೆಮಾರು ನೋಡಿ.

ಕೆಲವು ಗುಂಪಿನಲ್ಲಿ ಗಂಡೇ ಇರುವುದಿಲ್ಲ. ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ಮೈಯೊಳಗಿದ್ದರೆ ಹೆಣ್ಣು ಗಂಡಿಲ್ಲದೆಯೇ ಹೆಣ್ಣನ್ನು ಹುಟ್ಟಿಸುತ್ತದೆ. ಅಂಥ ತಾಯಿಗೆ ಜೇನುತುಪ್ಪದಲ್ಲಿ ಟೆಟ್ರಾಸೈಕ್ಲಿನ್ ಕೊಟ್ಟರೆ ಗಂಡುಮರಿ ಬರುತ್ತವೆ, ಆಗ ಸ್ಲೈಡ್ ಮಾಡಬಹುದು. ಅಷ್ಟೆಲ್ಲ ಆಗದಿದ್ದರೆ ಡಿಎನ್‌ಎಯ ಐಟಿಎಸ್-2 ಭಾಗ ನೋಡಿದರೆ ಹೆಣ್ಣಿನಿಂದಲೂ ಜಾತಿ ತಿಳಿಯುತ್ತದೆ.

ಕೊನೆಗೆ, ಹೆಸರು ಸಿಕ್ಕ ಮೇಲೆ ಆ ಸ್ಲೈಡ್ ಎಸೆಯಬೇಡಿ. ಎಡಕ್ಕೆ ಊರು, ಬೆಳೆ, ತಾರೀಖು, ಬಲಕ್ಕೆ ಜಾತಿ ಮತ್ತು ಗುರುತಿಸಿದವರ ಹೆಸರು ಬರೆದು, ಮಲಗಿಸಿಯೇ ಒಣಗಿಸಿ. ನಿಲ್ಲಿಸಿಟ್ಟರೆ ಹಸಿ ಹನಿಯ ಜೊತೆ ಹುಳುವೂ ಅಂಚಿಗೆ ಜಾರುತ್ತದೆ.