ಬೇಬಿ ಶವರ್‌ಗೆ ಏನು ಕೊಡೋಣ? ಕಪಾಟು ಸೇರದ ಉಡುಗೊರೆ ಆರಿಸುವ ಬಗೆ

ಉಡುಗೊರೆಯಾಗಿ ಬಂದ ಪುಟಾಣಿ ಅಂಗಿ ಟ್ಯಾಗು ಕೂಡ ಕೀಳದೆ ಕಪಾಟಿನಲ್ಲೇ ಉಳಿದುಬಿಟ್ಟರೆ ಅಂಗಿ ಚೆನ್ನಾಗಿಲ್ಲ ಎಂದಲ್ಲ, ಅಳತೆ ತಪ್ಪಿದೆ ಎಂದರ್ಥ. ಅಂಗೈಯಗಲದ ಅಂಗಿ ಕಂಡರೆ ಯಾರಿಗಾದರೂ ಕೈ ತಡೆಯದು. ಬೇಬಿ ಶವರ್‌ಗೆ, ಅಂದರೆ ಹೆರಿಗೆಗೆ ಮೊದಲು ತಾಯಿಯಾಗಲಿರುವವಳಿಗೆ ಉಡುಗೊರೆ ಕೊಡುವ ಕೂಟಕ್ಕೆ, ಬಂದ ಹತ್ತು ಜನರೂ ಅದನ್ನೇ ತಂದಿರುತ್ತಾರೆ. ದಿನ ತುಂಬಿ ಹುಟ್ಟಿದ ಕೂಸು ಸಾಮಾನ್ಯವಾಗಿ 2.5ರಿಂದ 4 ಕಿಲೋ ತೂಗುತ್ತದೆ. ಐದನೇ ತಿಂಗಳ ಆಸುಪಾಸಿನಲ್ಲಿ ಆ ತೂಕ ಎರಡರಷ್ಟಾಗುತ್ತದೆ, ವರ್ಷ ತುಂಬುವ ಹೊತ್ತಿಗೆ ಮೂರರಷ್ಟು. ಹುಟ್ಟುವಾಗ 50 ಸೆಂಟಿಮೀಟರ್ ಇದ್ದ ಉದ್ದ ವರ್ಷಕ್ಕೆ 75ರ ಹತ್ತಿರ ಬಂದಿರುತ್ತದೆ. ಇಷ್ಟು ಬೇಗ ಬೆಳೆಯುವ ಜೀವಕ್ಕೆ ‘ನ್ಯೂಬಾರ್ನ್’ ಅಳತೆ ಕೆಲವೇ ವಾರದ ಮಾತು. 4 ಕಿಲೋ ತೂಗುವ ಕೂಸಿಗಂತೂ ಅದು ಮೊದಲ ದಿನವೇ ಬಿಗಿಯಾಗಬಹುದು.

ಹಾಗಾಗಿ ಮುದ್ದಾಗಿರುವುದು ಯಾವುದು ಎಂದು ಹುಡುಕಬೇಡಿ. ದಿನಕ್ಕೆ ಎಷ್ಟು ಸಲ ಕೈಗೆ ಬರುತ್ತದೆ ಎಂದು ಲೆಕ್ಕ ಹಾಕಿ. ಹಸುಗೂಸು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ, ಹೆಚ್ಚುಕಡಿಮೆ ಅಷ್ಟೇ ಸಲ ನ್ಯಾಪಿ ಬದಲಾಯಿಸಬೇಕಾಗುತ್ತದೆ, ಕುಡಿದದ್ದರಲ್ಲಿ ಒಂದಿಷ್ಟನ್ನು ಕಕ್ಕುತ್ತದೆ. ಈ ಸುತ್ತಿನೊಳಗೆ ಬಳಕೆಯಾಗುವ ವಸ್ತು ಎಷ್ಟೇ ಅಗ್ಗವಾಗಿರಲಿ, ಅದು ಒಳ್ಳೆಯ ಉಡುಗೊರೆ.

ಕೊಳ್ಳುವ ಮೊದಲು ಕೇಳಿ

ಕೇಳಿದರೆ ಅಚ್ಚರಿ ಹಾಳಾಗುತ್ತದೆ ಎಂಬ ಭಯ ಬೇಡ. ಒಂದೇ ಮನೆಗೆ ಮೂರು ಬೇಬಿ ಬಾತ್‌ಟಬ್ ಬಂದಾಗ ಆಗುವ ಅಚ್ಚರಿ ಯಾರಿಗೂ ಬೇಕಿಲ್ಲ. ತಂದೆತಾಯಿ ಪಟ್ಟಿ ಮಾಡಿಟ್ಟಿದ್ದರೆ ಅದರಿಂದಲೇ ಆರಿಸಿ. ಪಟ್ಟಿಯ ಸಣ್ಣ ವಸ್ತುವಿಗೂ ಮರ್ಯಾದೆ ಕಡಿಮೆಯಿಲ್ಲ. ಪಟ್ಟಿ ಇಲ್ಲದಿದ್ದರೆ ಹತ್ತಿರದವರೊಬ್ಬರಲ್ಲಿ ಮೂರು ಸಂಗತಿ ತಿಳಿದುಕೊಳ್ಳಿ: ಹೆರಿಗೆಯ ತಾರೀಖು ಯಾವಾಗ, ಇದು ಮೊದಲ ಮಗುವೋ ಎರಡನೆಯದೋ, ಹೆರಿಗೆಗೆ ಮೊದಲೇ ಸಾಮಾನು ಮನೆಗೆ ಬರುವುದು ಅವರಿಗೆ ಸರಿಯೋ. ಮೂರನೆಯದನ್ನು ಮರೆಯುವವರೇ ಹೆಚ್ಚು. ಹಿಂದೆ ಬಸಿರು ನಿಲ್ಲದೆ ನೊಂದವರು ಮನೆಯಲ್ಲಿ ಮಗುವಿನ ಬಟ್ಟೆಯನ್ನೂ ಇಟ್ಟುಕೊಳ್ಳಲು ಇಷ್ಟಪಡದಿರಬಹುದು. ಅಂಥ ಕಡೆ ತಾಯಿಗೆಂದೇ ಏನಾದರೂ ಕೊಟ್ಟು, ಮಗುವಿನದನ್ನು ಹೆರಿಗೆಯಾದ ಮೇಲೆ ತಲುಪಿಸಿ.

ಎರಡನೇ ಮಗುವಾದರೆ ಮನೆಯಲ್ಲಿ ಬಟ್ಟೆ, ಟಬ್ಬು, ಆಟಿಕೆ ಎಲ್ಲ ಇದ್ದೇ ಇರುತ್ತದೆ. ಅಲ್ಲಿ ಬೇಕಾಗುವುದು ಖರ್ಚಾಗಿ ಮುಗಿಯುವ ವಸ್ತು. ಜೊತೆಗೆ ದೊಡ್ಡ ಮಗುವಿಗೊಂದು ಸಣ್ಣ ಪೊಟ್ಟಣ ಇರಲಿ, ಎಲ್ಲರೂ ಹೊಟ್ಟೆಯ ಕಡೆಗೇ ನೋಡುತ್ತಿರುವಾಗ ಅದನ್ನೂ ಒಬ್ಬರು ನೋಡಿದಂತಾಗುತ್ತದೆ.

ಬಟ್ಟೆಯನ್ನೇ ಕೊಡುವುದಾದರೆ

3–6 ತಿಂಗಳ ಅಥವಾ 6–9 ತಿಂಗಳ ಅಳತೆ ಕೊಳ್ಳಿ. ಸೆಂಟಿಮೀಟರಿನಲ್ಲಿ ಅಳತೆ ಬರೆದಿರುವ ಬಟ್ಟೆಯಾದರೆ ಲೆಕ್ಕ ಇನ್ನೂ ಸುಲಭ, ಆ ಸಂಖ್ಯೆ ಮಗುವಿನ ಉದ್ದವನ್ನೇ ಹೇಳುತ್ತದೆ: 62 ಎಂದರೆ ಸುಮಾರು ಮೂರು ತಿಂಗಳು, 68 ಎಂದರೆ ಆರು. ಆಮೇಲೆ ಹೆರಿಗೆಯ ತಿಂಗಳಿಗೆ ಆ ವಯಸ್ಸು ಕೂಡಿಸಿ, ಆಗ ಚಳಿಯೋ ಸೆಕೆಯೋ ನೋಡಿ. ಆರು ತಿಂಗಳ ಅಳತೆಯ ದಪ್ಪ ಸ್ವೆಟರ್ ಕಡು ಸೆಕೆಯಲ್ಲಿ ಮೈಗೆ ಸರಿಹೋದರೆ ಯಾರಿಗೇನು ಲಾಭ?

ಬಟ್ಟೆಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುವುದು ಹೀಗೆ. ಮೊದಲು ಒಳಮಗ್ಗುಲು ಹೊರಗೆ ಮಾಡಿ. ಕಸೂತಿಯ ಹಿಂದಿನ ಗಂಟು, ಒರಟು ಲೇಸು, ಚುಚ್ಚುವ ಟ್ಯಾಗು ಎಲ್ಲ ಕಾಣುವುದು ಅಲ್ಲಿಯೇ. ಕಾಲುಚೀಲ, ಕೈಗವಸುಗಳ ಒಳಗೆ ಬೆರಳು ತೂರಿಸಿ. ಇಳಿಬಿದ್ದ ಎಳೆಯೊಂದು ಕೂಸಿನ ಬೆರಳಿಗೆ ಸುತ್ತಿಕೊಂಡು ರಕ್ತ ಕಟ್ಟಿಸಬಲ್ಲದು, ಮೇಲಿಂದ ನೋಡಿದವರಿಗೆ ಮಗು ಸುಮ್ಮನೆ ಅಳುತ್ತಿದೆ ಎನ್ನಿಸುತ್ತದೆ. ಬಟನ್ ಬೆನ್ನಿನ ಕಡೆ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ: ಇಡೀ ದಿನ ಬೆನ್ನ ಮೇಲೆ ಮಲಗುವ ಜೀವ ಅದು. ಟಿಚ್ ಬಟನ್ನುಗಳನ್ನು ನಾಲ್ಕೈದು ಸಲ ಹಾಕಿ ತೆಗೆಯಿರಿ, ಬಟ್ಟೆ ಹಿಗ್ಗಿ ತೂತು ದೊಡ್ಡದಾಗುತ್ತಿದ್ದರೆ ಕೆಲವೇ ಒಗೆತಕ್ಕೆ ಕಿತ್ತು ಬರುತ್ತದೆ. ಕುತ್ತಿಗೆಯ ಬಳಿ ದಾರ, ಲಾಡಿ ಇರುವುದು ಬೇಡವೇ ಬೇಡ. ಭುಜದ ಮೇಲೆ ಒಂದರ ಮೇಲೊಂದು ಮಡಿಕೆಯಾಗಿ ಕೂತಿರುವ ಅಗಲ ಕುತ್ತಿಗೆಯ ಅಂಗಿ ಸಿಕ್ಕರೆ ಬಿಡಬೇಡಿ. ನ್ಯಾಪಿ ಸೋರಿ ಅಂಗಿಯೆಲ್ಲ ಹೊಲಸಾದಾಗ ಅದನ್ನು ತಲೆಯ ಮೇಲಿಂದ ಎಳೆಯುವ ಬದಲು ಕಾಲಿನ ಕಡೆಗೆ ಜಾರಿಸಿ ತೆಗೆಯಬಹುದು. ಆ ಮಡಿಕೆ ಇರುವುದೇ ಅದಕ್ಕೆ ಎಂದು ಗೊತ್ತಿಲ್ಲದವರೂ ಇದ್ದಾರೆ, ಕಾರ್ಡಿನಲ್ಲಿ ಒಂದು ಸಾಲು ಬರೆದುಕೊಡಿ.

ಕುಲಾವಿ, ಕೈಗವಸು, ಕಾಲುಚೀಲ, ಎದೆಬಟ್ಟೆ ಎಲ್ಲವನ್ನೂ ಜೋಡಿಸಿಟ್ಟ ದೊಡ್ಡ ಡಬ್ಬಿಯ ಸೆಟ್ಟು ನೋಡಲು ಚೆಂದ. ಆದರೆ ಕೊಡುವ ದುಡ್ಡಿನಲ್ಲಿ ಒಂದು ಪಾಲು ಡಬ್ಬಿಗೇ ಹೋಗುತ್ತದೆ, ಒಳಗಿರುವುದೆಲ್ಲ ಸಾಮಾನ್ಯವಾಗಿ ಅತಿ ಸಣ್ಣ ಅಳತೆಯದೇ. ಅದೇ ದುಡ್ಡಿಗೆ ಒಂದೇ ಬಗೆಯ ಒಳ್ಳೆಯ ಹತ್ತಿಯ ನಾಲ್ಕು ಅಂಗಿ ವಾಸಿ.

ಕೈಯಾರೆ ಹೊಲಿದ ತೇಗುಬಟ್ಟೆ

ಹೊಲಿಗೆ ಯಂತ್ರ ಇರುವವರಿಗೆ ಇದಕ್ಕಿಂತ ಕಡಿಮೆ ಖರ್ಚಿನ, ಹೆಚ್ಚು ಬಳಕೆಯ ಉಡುಗೊರೆ ಸಿಗುವುದು ಕಷ್ಟ. ಹಾಲು ಕುಡಿಸಿದ ಮೇಲೆ ಕೂಸನ್ನು ಹೆಗಲಿಗೆ ಹಾಕಿಕೊಂಡು ತೇಗಿಸುವಾಗ ಹೆಗಲ ಮೇಲೆ ಹಾಸುವ ಬಟ್ಟೆ ಇದು. ದಿನಕ್ಕೆ ನಾಲ್ಕಾರು ಬೇಕಾಗುತ್ತದೆ, ಆದ್ದರಿಂದ ಒಂದೆರಡು ಕೊಟ್ಟರೆ ಸಾಲದು, ಆರಾದರೂ ಇರಲಿ.

110 ಸೆಂಟಿಮೀಟರ್ ಪನ್ನದ (ಅಗಲದ) ಮೆತ್ತನೆಯ ಹತ್ತಿ ಬಟ್ಟೆ, ಎರಡು ಪದರದ ಮಸ್ಲಿನ್ ಆದರೆ ಒಳಿತು, 2 ಮೀಟರ್ ತನ್ನಿ. ಕತ್ತರಿಸುವ ಮೊದಲು ಬಿಸಿನೀರಿನಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಹತ್ತಿ ಮೊದಲ ಒಗೆತಕ್ಕೆ ನೂರಕ್ಕೆ ಐದಾರು ಪಾಲು ಕುಗ್ಗಬಹುದು, ಮಸ್ಲಿನ್ ಇನ್ನೂ ಹೆಚ್ಚು. ಈ ಹಂತ ಬಿಟ್ಟರೆ ಹೊಲಿದಾದ ಮೇಲೆ ಬಟ್ಟೆ ಕುಗ್ಗಿ, ದಾರ ಕುಗ್ಗದೆ, ಅಂಚೆಲ್ಲ ಸುಕ್ಕುಗಟ್ಟುತ್ತದೆ. ಒಣಗಿದ ಬಟ್ಟೆಯ ಅಗಲ 100 ಸೆಂಟಿಮೀಟರಿಗಿಂತ ಕಡಿಮೆಯಾಗದಿದ್ದರೆ ಅದರಲ್ಲಿ 50 ಸೆಂಟಿಮೀಟರಿನ ಎರಡು ತುಂಡು ಬರುತ್ತವೆ. ಉದ್ದಕ್ಕೆ 26 ಸೆಂಟಿಮೀಟರಿನಂತೆ ಆರು ಸಾಲು ಕತ್ತರಿಸಿದರೆ ಒಟ್ಟು ಹನ್ನೆರಡು ತುಂಡು, ಅಂದರೆ ಎರಡು ಮಡಿಕೆಯ ಆರು ತೇಗುಬಟ್ಟೆ. ಇಷ್ಟಕ್ಕೆ 156 ಸೆಂಟಿಮೀಟರ್ ಸಾಕು, ಹೆಚ್ಚು ಕುಗ್ಗದಿದ್ದರೆ ಏಳನೆಯದಕ್ಕೂ ಬಟ್ಟೆ ಮಿಕ್ಕೀತು. ಎರಡೂ ಮಗ್ಗುಲಿಗೆ ಒಂದೇ ಬಟ್ಟೆ ಇರಲಿ. ಮೇಲೊಂದು, ಕೆಳಗೊಂದು ಬಗೆ ಹಾಕಿದರೆ ಎರಡೂ ಒಂದೇ ಸಮ ಕುಗ್ಗದೆ ಅಂಚು ಸುರುಳಿಯಾಗುತ್ತದೆ.

ಎರಡು ತುಂಡುಗಳ ಒಳ್ಳೆಯ ಮಗ್ಗುಲು ಒಳಗೆ ಬರುವಂತೆ ಇಟ್ಟು, ಅಂಚಿನಿಂದ 1 ಸೆಂಟಿಮೀಟರ್ ಬಿಟ್ಟು ಸುತ್ತ ಹೊಲಿಯಿರಿ. ಉದ್ದದ ಅಂಚಿನ ನಡುವೆ 8 ಸೆಂಟಿಮೀಟರ್ ತೆರೆದಿಡಿ, ಮೂಲೆಯಲ್ಲಿ ಅಲ್ಲ; ಮೂಲೆಯಲ್ಲಿ ಬಾಯಿ ಬಿಟ್ಟರೆ ಮಡಚಿದಾಗ ಆಕಾರ ಕೆಡುತ್ತದೆ. ನಾಲ್ಕೂ ಮೂಲೆಯ ಹೆಚ್ಚುವರಿ ಬಟ್ಟೆಯನ್ನು ಹೊಲಿಗೆಗೆ ತಗಲದಂತೆ ಓರೆಯಾಗಿ ಕತ್ತರಿಸಿ. ಬಾಯಿಯಿಂದ ಒಳಗನ್ನು ಹೊರಕ್ಕೆ ತೆಗೆದು, ಇಸ್ತ್ರಿ ಒತ್ತಿ, ಅಂಚಿನಿಂದ 3–4 ಮಿಲಿಮೀಟರ್ ಒಳಗೆ ಸುತ್ತಲೂ ಇನ್ನೊಂದು ಹೊಲಿಗೆ ಹಾಕಿ. ತೆರೆದ ಬಾಯಿಯೂ ಅದರಲ್ಲೇ ಮುಚ್ಚಿಕೊಳ್ಳುತ್ತದೆ. ಕೊನೆಗೆ ನಡುವೆ ಉದ್ದಕ್ಕೆ ಎರಡು ಸಾಲು ಹೊಲಿಯಿರಿ, ಇಲ್ಲವಾದರೆ ಒಗೆದಾಗ ಎರಡು ಪದರ ಬೇರೆಬೇರೆಯಾಗಿ ಜಾರಿ ಒಳಗೊಳಗೇ ಉಂಡೆ ಕಟ್ಟುತ್ತವೆ.

ಗುಂಡುಸೂಜಿ ಬಳಸುವುದಾದರೆ ಎಣಿಸಿ ಚುಚ್ಚಿ, ಎಣಿಸಿ ತೆಗೆಯಿರಿ. ಹತ್ತು ಚುಚ್ಚಿ ಒಂಬತ್ತು ಸಿಕ್ಕರೆ ಆ ಬಟ್ಟೆ ಬಿಚ್ಚಿ ನೋಡುವವರೆಗೆ ಕೊಡಬೇಡಿ. ಬಟ್ಟೆಯ ಜೊತೆ ಒಂದು ಚೀಟಿ ಇಡಿ: ‘ಫ್ಯಾಬ್ರಿಕ್ ಸಾಫ್ಟನರ್ ಹಾಕಬೇಡಿ’. ಅದು ಎಳೆಗೆ ಅಂಟಿಕೊಂಡು ಬಟ್ಟೆ ನೀರು ಹೀರುವುದನ್ನು ಕಡಿಮೆ ಮಾಡುತ್ತದೆ, ಆಮೇಲೆ ಹಾಲು ಬಟ್ಟೆಯ ಮೇಲೆ ನಿಲ್ಲದೆ ಜಾರಿ ಹೆಗಲಿಗೇ ಇಳಿಯುತ್ತದೆ.

ಹೊಲಿಗೆ ಬಾರದವರು 120 ಸೆಂಟಿಮೀಟರ್ ಚೌಕದ ಮಸ್ಲಿನ್ ಬಟ್ಟೆ ಎರಡು ಮೂರು ಕೊಟ್ಟರೆ ಸಾಕು. ಕೂಸನ್ನು ಸುತ್ತಲು, ಹಾಲೂಡುವಾಗ ಮರೆಗೆ, ಒರೆಸಲು, ನೆಲಕ್ಕೆ ಹಾಸಲು ಎಲ್ಲಕ್ಕೂ ಆಗುತ್ತದೆ. ಚಿಕ್ಕ ಚೌಕ ಸುತ್ತಲು ಸಾಲುವುದಿಲ್ಲ, ಎರಡು ತಿಂಗಳಿಗೆಲ್ಲ ಕಾಲು ಹೊರಗೆ ಬರುತ್ತದೆ. ಮಗು ಮಗ್ಗುಲು ಹೊರಳುವ ಲಕ್ಷಣ ಕಂಡ ಕೂಡಲೇ ಸುತ್ತುವುದನ್ನು ನಿಲ್ಲಿಸಬೇಕು ಎಂಬುದನ್ನೂ ಅದೇ ಚೀಟಿಯಲ್ಲಿ ಸೇರಿಸಿ.

ಇನ್ನೂ ಅಗ್ಗದ್ದು ಬೇಕೆ? 15 ಸೆಂಟಿಮೀಟರ್ ಚೌಕದ ಬಿಳಿ ರಟ್ಟಿನ ಆರು ತುಂಡುಗಳ ಮೇಲೆ ಕಪ್ಪು ಬಣ್ಣದಲ್ಲಿ ದಪ್ಪ ಪಟ್ಟೆ, ವೃತ್ತ, ಚೌಕಳಿ ಬರೆದು ಮೂಲೆ ದುಂಡಗೆ ಕತ್ತರಿಸಿ. ಹುಟ್ಟಿದ ಕೂಸಿಗೆ 20–30 ಸೆಂಟಿಮೀಟರ್ ದೂರದ್ದು ಮಾತ್ರ ಚೆನ್ನಾಗಿ ಕಾಣುತ್ತದೆ, ಅದರಲ್ಲೂ ಕಪ್ಪು ಬಿಳುಪಿನಂಥ ಎದ್ದು ಕಾಣುವ ಅಂತರದ ಮೇಲೆ ಕಣ್ಣು ನಿಲ್ಲುತ್ತದೆ. ದೊಡ್ಡವರು ಕೈಯಲ್ಲಿ ಹಿಡಿದು ತೋರಿಸಲಿ, ತೊಟ್ಟಿಲೊಳಗೆ ಇಡುವುದು ಬೇಡ.

ಖರ್ಚಾಗಿ ಮುಗಿಯುವುದು

ದಿನಕ್ಕೆ ಹತ್ತರಂತೆ ಲೆಕ್ಕ ಹಾಕಿದರೆ ನಲವತ್ತು ಡೈಪರಿನ ಪೊಟ್ಟಣ ನಾಲ್ಕು ದಿನಕ್ಕೆ ಮುಗಿಯಿತು. ಇದನ್ನು ಕೊಡಲು ಸಂಕೋಚ ಬೇಡ. ಅತಿ ಸಣ್ಣ ಅಳತೆಯ ಬದಲು ಒಂದೆರಡು ಅಳತೆ ದೊಡ್ಡದು ಕೊಳ್ಳಿ, ಪೊಟ್ಟಣದ ಮೇಲೆ ಬರೆದಿರುವ ಕಿಲೋ ಲೆಕ್ಕವೇ ಆಧಾರ. ಪೊಟ್ಟಣ ಒಡೆಯಬೇಡಿ. ಡೈಪರುಗಳನ್ನು ಸುರುಳಿ ಮಾಡಿ ಕೇಕಿನಂತೆ ಜೋಡಿಸುವುದು ಫೋಟೋಗೆ ಸರಿ, ಅಳತೆ ಆಗದಿದ್ದರೆ ಬದಲಾಯಿಸಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ. ಒಗೆದು ಬಳಸುವ ಬಟ್ಟೆ ನ್ಯಾಪಿಯನ್ನು ಮಾತ್ರ ಕೇಳದೆ ಕೊಡಬೇಡಿ: ಒಂದು ಮಗುವಿಗೆ ಇಪ್ಪತ್ತರ ಮೇಲೆ ಬೇಕು, ಒಗೆಯಲು ಸಿದ್ಧವಿರುವ ಮನೆಯೂ ಬೇಕು. ಪರಿಮಳದ ಲೋಷನ್ನು, ಪೌಡರ್ ಬಿಡಿ. ಎಳೆಯ ಚರ್ಮಕ್ಕೆ ಪರಿಮಳ ಒಗ್ಗದಿರಬಹುದು, ಪೌಡರ್ ಉಸಿರಿನೊಳಗೆ ಹೋಗುತ್ತದೆ.

ಒಂದು ಡಿಜಿಟಲ್ ಥರ್ಮಾಮೀಟರ್ ನೋಡಲು ಒಣ ಉಡುಗೊರೆ ಅನ್ನಿಸಬಹುದು. ಅದರ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘3 ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಕಾಯಬೇಡಿ, ಡಾಕ್ಟರ ಬಳಿ ಹೋಗಿ’ ಎಂದು ಬರೆದುಕೊಟ್ಟರೆ ಅರ್ಧರಾತ್ರಿಯಲ್ಲಿ ಅದಕ್ಕಿಂತ ಉಪಕಾರದ ವಸ್ತು ಇನ್ನೊಂದಿಲ್ಲ.

ಇವು ಬೇಡ

ತಲೆದಿಂಬು, ಮೆತ್ತನೆಯ ರಜಾಯಿ, ತೊಟ್ಟಿಲ ಸುತ್ತ ಕಟ್ಟುವ ದಿಂಬಿನ ಪಟ್ಟಿ ಎಲ್ಲ ಅಂಗಡಿಯಲ್ಲಿ ಸೆಟ್ಟಾಗಿಯೇ ಸಿಗುತ್ತವೆ. ಕೂಸು ಮಲಗಬೇಕಾದದ್ದು ಬೆನ್ನ ಮೇಲೆ, ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ, ಸುತ್ತ ಏನೂ ಇಲ್ಲದೆ. ಮೆತ್ತನೆಯ ವಸ್ತು ಮೂಗಿಗೆ ಒತ್ತಿದರೆ ಸರಿಸಲು ಅದಕ್ಕೆ ಬರುವುದಿಲ್ಲ. ಅಮೆರಿಕದಲ್ಲಿ 2022ರಲ್ಲಿ ಬಂದ ಕಾನೂನು ಇಂಥ ದಿಂಬುಪಟ್ಟಿಯ ಮಾರಾಟವನ್ನೇ ನಿಷೇಧಿಸಿತು. ಚಕ್ರದ ವಾಕರ್ ಕೂಡ ಬೇಡ, ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ: ಮೆಟ್ಟಿಲ ಬಳಿ ಅದರ ವೇಗಕ್ಕೆ ದೊಡ್ಡವರ ಕೈ ಎಟುಕುವುದಿಲ್ಲ. ಹಲ್ಲು ಬರುವಾಗ ಹಾಕುವ ಮಣಿಸರ ಕುತ್ತಿಗೆಗೂ ಅಪಾಯ, ಮಣಿ ಕಿತ್ತು ಬಂದರೆ ಗಂಟಲಿಗೂ. ಆಟಿಕೆ ಕೊಡುವುದಾದರೆ ಟಾಯ್ಲೆಟ್ ಪೇಪರಿನ ಖಾಲಿ ರಟ್ಟಿನ ಕೊಳವೆಯೊಳಗೆ ತೂರಿಸಿ ನೋಡಿ. ಅದರೊಳಗೆ ಇಳಿಯುವ ಯಾವ ಭಾಗವೂ ಬೇಡ. ಬಟನ್ ಬ್ಯಾಟರಿ ಇರುವ ಆಟಿಕೆಯ ಮುಚ್ಚಳ ಸ್ಕ್ರೂ ಇಲ್ಲದೆ ತೆರೆಯುವಂತಿದ್ದರೆ ಅಲ್ಲೇ ಇಟ್ಟು ಬನ್ನಿ, ನುಂಗಿದ ಬ್ಯಾಟರಿ ಎರಡು ಗಂಟೆಯೊಳಗೆ ಅನ್ನನಾಳ ಸುಡಬಲ್ಲದು.

ಹಳೆಯದನ್ನು ಕೊಡಬಹುದೇ? ಬಟ್ಟೆ, ಪುಸ್ತಕ ಧಾರಾಳವಾಗಿ. ಎಲಾಸ್ಟಿಕ್, ಬಟನ್ ನೋಡಿ, ಒಗೆದು ಕೊಡಿ. ಕಾರಿನ ಮಕ್ಕಳ ಸೀಟನ್ನು ಮಾತ್ರ ಚರಿತ್ರೆ ಗೊತ್ತಿಲ್ಲದೆ ಕೈ ಬದಲಿಸಬಾರದು, ಒಮ್ಮೆ ಅಪಘಾತ ಕಂಡ ಸೀಟಿನ ಒಳಬಿರುಕು ಹೊರಗೆ ಕಾಣುವುದಿಲ್ಲ.

ತಾಯಿಗೆ

ಬಂದ ಪೊಟ್ಟಣಗಳಲ್ಲಿ ಹೆತ್ತವಳಿಗೆಂದು ಏನೂ ಇರುವುದಿಲ್ಲ. ಹಾಲೂಡುವಾಗ ಒಂದು ಕೈ ಮಾತ್ರ ಬಿಡುವಾಗಿರುತ್ತದೆ, ಬಾಯಾರಿಕೆಯೂ ಆಗಲೇ. ಒಂದೇ ಕೈಯಲ್ಲಿ ತೆರೆಯಬಹುದಾದ, ಸ್ಟ್ರಾ ಇರುವ ಒಂದು ಲೀಟರ್ ಬಾಟಲಿ, ಹಾಸಿಗೆಯವರೆಗೂ ಬರುವ 2–3 ಮೀಟರ್ ಉದ್ದದ ಚಾರ್ಜರ್ ಕೇಬಲ್, ಮುಂದೆ ತೆರೆಯುವ ಹತ್ತಿಯ ನೈಟಿ, ಒಗೆದು ಬಳಸುವ ನಾಲ್ಕು ಜೊತೆ ಬ್ರೆಸ್ಟ್ ಪ್ಯಾಡ್ — ಇವುಗಳಲ್ಲಿ ಒಂದೆರಡು ಸಾಕು. ನೈಟಿ ಎಂದಿನ ಅಳತೆಗಿಂತ ಒಂದು ಹೆಚ್ಚು ಇರಲಿ.

ದುಡ್ಡೇ ಇಲ್ಲದಿದ್ದರೆ ಸಮಯ ಕೊಡಿ, ಆದರೆ ತಾರೀಖು ಹಾಕಿ ಕೊಡಿ. ‘ಏನಾದರೂ ಬೇಕಿದ್ದರೆ ಹೇಳು’ ಎಂದರೆ ಯಾರೂ ಹೇಳುವುದಿಲ್ಲ. ‘ಹೆರಿಗೆಯಾದ ಮೂರನೇ ವಾರದಿಂದ ನಾಲ್ಕು ಮಂಗಳವಾರ, ಬೆಳಿಗ್ಗೆ ಹತ್ತರಿಂದ ಹನ್ನೆರಡು, ಬಟ್ಟೆ ಒಗೆದು ಮಡಚಿಟ್ಟು ಹೋಗುತ್ತೇನೆ’ ಎಂದು ಕಾರ್ಡಿನಲ್ಲಿ ಬರೆಯಿರಿ. ಹೋದಾಗ ಮಗುವನ್ನು ಎತ್ತಿಕೊಂಡು ಕೂತು ತಾಯಿಯಿಂದ ಟೀ ಮಾಡಿಸಿಕೊಳ್ಳುವವರಾಗಬೇಡಿ.

ದೊಡ್ಡ ವಸ್ತು ಕೊಡುವ ಆಸೆಯಿದ್ದರೆ ನಾಲ್ಕೈದು ಜನ ಸೇರಿಕೊಳ್ಳಿ. ತಂದೆತಾಯಿ ಯಾವ ಮಾಡೆಲ್ ನೋಡಿಟ್ಟಿದ್ದಾರೆ ಎಂದು ಮೊದಲು ತಿಳಿದು, ದುಡ್ಡು ಒಬ್ಬರ ಬಳಿಯೇ ಸೇರಲಿ, ಕೊಡಬೇಕಾದ ಕಡೆಯ ದಿನವನ್ನು ಶವರ್‌ಗಿಂತ ಹತ್ತು ದಿನ ಮುಂಚೆ ಇಡಿ. ತಡವಾಗಿ ಬರುವ ಒಬ್ಬರ ಪಾಲಿಗಾಗಿ ಉಳಿದವರು ಕಾಯುವುದು ಆಗ ತಪ್ಪುತ್ತದೆ.

ಕಟ್ಟುವಾಗ ಹೊಳೆಯುವ ಕಾಗದದ ಬದಲು ಆ ಮಸ್ಲಿನ್ ಚೌಕವನ್ನೇ ಹೊದಿಕೆ ಮಾಡಿ ಗಂಟು ಹಾಕಬಹುದು. ಟ್ಯಾಗು ಕೀಳಬೇಡಿ. ಬಿಲ್ಲನ್ನು ಪ್ರತ್ಯೇಕ ಲಕೋಟೆಯಲ್ಲಿಟ್ಟು, ಬದಲಾಯಿಸಲು ಇರುವ ಕಡೆಯ ತಾರೀಖನ್ನು ಮೇಲೆ ಬರೆಯಿರಿ. ಆ ತಾರೀಖು ಹೆರಿಗೆಗೆ ಮೊದಲೇ ಮುಗಿಯುವಂತಿದ್ದರೆ, ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿ ಮುಂದಕ್ಕೆ ಹಾಕಿಸಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.