ಫೋನಿನಲ್ಲಿ ಡೋಸ್ ಹೇಳಿದರೆ ಅಂಕಿ ಬಿಡಿಸಿ ಓದಿ
ನೈಟ್ ಡ್ಯೂಟಿಯಲ್ಲಿ ಡಾಕ್ಟರ್ ಫೋನಿನಲ್ಲಿ ಡೋಸ್ ಹೇಳಿದರೆ, ಮೊದಲು ಬರೆದುಕೊಳ್ಳಿ. ಆಮೇಲೆ ಬರೆದದ್ದನ್ನೇ ಅಂಕಿ ಬಿಡಿಸಿ ಓದಿ ಹೇಳಿ: ‘ಫಿಫ್ಟೀನ್, ಒನ್ ಫೈವ್, ಮಿಲಿಗ್ರಾಂ’. ಫಿಫ್ಟೀನ್, ಫಿಫ್ಟಿ ಎರಡೂ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ, ಪಕ್ಕದಲ್ಲಿ ಮಾನಿಟರ್ ಕೂಗುತ್ತಿದ್ದರಂತೂ ಇನ್ನೂ ಜಾಸ್ತಿ. ಬಿಡಿಸಿ ಹೇಳಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಬರೆಯುವಾಗಲೂ 5.0 ಬೇಡ, ಸುಮ್ನೆ 5 ಸಾಕು. ಚುಕ್ಕಿ ಮಸುಕಾದರೆ 50 ಆಗಿಬಿಡುತ್ತದೆ, ಅಲ್ವಾ? ಆದರೆ ಹೈಡ್ರಾಲಜೀನ್, ಹೈಡ್ರಾಕ್ಸಿಜೀನ್ ಥರ ಒಂದೇ ಹಾಗೆ ಕೇಳಿಸುವ ಔಷಧಿ ಹೆಸರುಗಳಿಗೆ ಇದೊಂದೇ ಸಾಲದು. ಸ್ಪೆಲ್ಲಿಂಗ್ ಕೇಳಿ, ಯಾವುದಕ್ಕೆ ಎಂದೂ ಕೇಳಿ: ಮೊದಲನೆಯದು ಬಿಪಿಗೆ, ಎರಡನೆಯದು ತುರಿಕೆಗೆ. ಡಾಕ್ಟರ್ ‘ಹೌದು ಹೌದು’ ಎಂದು ಅರ್ಧಕ್ಕೇ ಫೋನ್ ಇಟ್ಟರೆ ಅದು ಖಾತ್ರಿಯಲ್ಲ. ಮುಜುಗರ ಪಡದೆ ಮತ್ತೆ ಫೋನ್ ಮಾಡಿ.