ಮೈಕ್ರೋವೇವ್ ಹಳೆಯದಾದರೆ: ರಿಪೇರಿಯೋ, ಹೊಸದೋ?

ಒಳಗೆ ಚಟಚಟ ಕಿಡಿ ಹಾರಿದ ಕೂಡಲೇ ಮೈಕ್ರೋವೇವ್ ಕೆಟ್ಟೇ ಹೋಯಿತೆಂದು ಗುಜರಿಗೆ ಹಾಕುವವರು ನಮ್ಮ ಕಲಬುರಗಿಯಲ್ಲಿ ಬಹಳ ಮಂದಿ ಇದ್ದಾರೆ. ಎಷ್ಟೋ ಸಲ ಸುಟ್ಟಿರುವುದು ಅಂಗೈ ಅಗಲದ ಮೈಕಾ ಹಾಳೆ ಮಾತ್ರ. ಬಾಗಿಲು ತೆರೆದು ಒಳಗಿನ ಬಲಗೋಡೆ ನೋಡಿರಿ. ಬೂದಿ ಇಲ್ಲವೇ ಕಂದು ಬಣ್ಣದ, ರಟ್ಟಿನಂಥ ತುಂಡು ಕಾಣುತ್ತದೆ. ಬಿಸಿ ಮಾಡುವ ಅಲೆಗಳು ಅದರ ಹಿಂದಿನ ಕಿಂಡಿಯಿಂದ ಒಳಗೆ ಬರುತ್ತವೆ. ಉಗಿ, ಜಿಡ್ಡು ಆ ಕಿಂಡಿಗೆ ನುಗ್ಗದಂತೆ ಹಾಳೆ ತಡೆಯುತ್ತದೆ. ಎಣ್ಣೆಗಾಯಿ, ಒಗ್ಗರಣೆ ಹಾಕಿದ ಬ್ಯಾಳಿಯನ್ನು ಮುಚ್ಚದೆ ಬಿಸಿ ಮಾಡಿದರೆ ಸಿಡಿದ ಎಣ್ಣೆ ಹಾಳೆಯ ಮೇಲೆ ಕೂತು, ದಿನ ಕಳೆದಂತೆ ಕರಕಲಾಗುತ್ತದೆ. ಆ ಕರಿಯಲ್ಲಿ ವಿದ್ಯುತ್ ಹರಿಯುತ್ತದೆ, ಅಲ್ಲೇ ಕಿಡಿ ಹುಟ್ಟುತ್ತದೆ. ಕಿಡಿ ಕಂಡಮೇಲೆ ಇನ್ನೊಂದು ಸಲವೂ ಹಚ್ಚಬೇಡಿರಿ. ಹಾಳೆ ತೂತಾದರೆ ಕಿಡಿ ಹಿಂದೆ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನಿನ ತುದಿಗೇ ತಾಗಿ ಅದನ್ನು ಕರಗಿಸುತ್ತದೆ. ಆಗ ಅಗ್ಗದಲ್ಲಿ ಮುಗಿಯುವ ಕೆಲಸ ಸಾವಿರಾರು ರೂಪಾಯಿಗೆ ಏರುತ್ತದೆ.

ಹಾಳೆ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಮೊದಲು ಪ್ಲಗ್ ಕಿತ್ತು ಬದಿಗಿಡಿರಿ, ಬರೀ ಸ್ವಿಚ್ ಆರಿಸಿದರೆ ಸಾಲದು. ಹಾಳೆಯನ್ನು ಒಂದು ಸ್ಕ್ರೂ ಇಲ್ಲವೇ ಪ್ಲಾಸ್ಟಿಕ್ ಗುಬ್ಬಿ ಹಿಡಿದಿರುತ್ತದೆ. ಮೆಲ್ಲಗೆ ತೆಗೆದು, ಕಾಗದದ ಮೇಲಿಟ್ಟು ಅದರ ಆಕಾರ, ತೂತಿನ ಜಾಗ ಎರಡನ್ನೂ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳಿರಿ. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಮೈಕ್ರೋವೇವ್ ಮೈಕಾ ಎಂದು ಕೇಳಿದರೆ 0.4 ಮಿಲಿಮೀಟರಿನ ಆಸುಪಾಸು ದಪ್ಪದ ಹಾಳೆ ಕೊಡುತ್ತಾರೆ. ಅದು ಕತ್ತರಿಯಲ್ಲೇ ಕತ್ತರಿಸುತ್ತದೆ. ಮೊಂಡ ಕತ್ತರಿ ಹಾಕಿದರೆ ಅಂಚು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಹೊಸದನ್ನು ಕೂರಿಸುವ ಮೊದಲು ಅದು ಕೂರುವ ಗೋಡೆಯ ಜಿಡ್ಡನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಅರಿವೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಬೇಕು. ಇದೊಂದನ್ನು ಬಿಟ್ಟರೆ ವಾರದೊಳಗೆ ಹೊಸ ಹಾಳೆಯೂ ಸುಡುತ್ತದೆ. ಮೈಕಾ ಸಿಗಲಿಲ್ಲವೆಂದು ರಟ್ಟು, ಪ್ಲಾಸ್ಟಿಕ್, ಬೆಳ್ಳಿ ಕಾಗದ ಯಾವುದನ್ನೂ ಇಡಬಾರದು. ಕೂರಿಸಿದ ಮೇಲೆ ಒಂದು ಗಾಜಿನ ಲೋಟದಲ್ಲಿ ನೀರಿಟ್ಟು ಒಂದು ನಿಮಿಷ ಓಡಿಸಿ ನೋಡಿರಿ. ಒಳಗೆ ಏನೂ ಇಡದೆ ಮಾತ್ರ ಯಾವತ್ತೂ ಓಡಿಸಬೇಡಿರಿ.

ತಟ್ಟೆ ತಿರುಗದಿದ್ದರೆ ಗಾಜಿನ ತಟ್ಟೆ, ಗಾಲಿಯ ಬಳೆ ಎರಡನ್ನೂ ತೆಗೆದು, ನಡುವೆ ಮೋಟಾರಿನಿಂದ ತಟ್ಟೆಯನ್ನು ತಿರುಗಿಸುವ ಪ್ಲಾಸ್ಟಿಕ್ ಕಪ್ಲರ್ ಸವೆದಿದೆಯೇ, ಸೀಳಿದೆಯೇ ನೋಡಿರಿ. ಕಪ್ಲರ್ ಸರಿಯಿದ್ದರೆ ಮೋಟಾರ್ ಹೋಗಿರುತ್ತದೆ. ಬಹಳಷ್ಟು ಮಾಡೆಲ್‌ಗಳಲ್ಲಿ ಅದು ತಳದ ತಗಡಿನ ಹಿಂದೆ ಇರುತ್ತದೆ. ಹೊಸ ಮೋಟಾರ್ ತರುವಾಗ ಹಳೆಯದರ ಮೇಲಿನ ಚೀಟಿ ಓದಲೇಬೇಕು. 21 ವೋಲ್ಟಿನದು, 30 ವೋಲ್ಟಿನದು, 220-240 ವೋಲ್ಟಿನದು ನೋಡಲು ಒಂದೇ ತರಹ. 21ರ ಜಾಗದಲ್ಲಿ 240ರದು ಹಾಕಿದರೆ ತಿರುಗುವುದಿಲ್ಲ, ತಿರುವುಮುರುವಾದರೆ ಸುಟ್ಟೇ ಹೋಗುತ್ತದೆ. ಮೋಟಾರಿನ ಕಡ್ಡಿಯ ಉದ್ದ, ಅದರ ತುದಿಯ ಆಕಾರ ಕೂಡ ಹೊಂದಬೇಕು.

ಇನ್ನು ದೊಡ್ಡ ತಲೆನೋವು: ದೀಪ ಹತ್ತುತ್ತದೆ, ತಟ್ಟೆ ತಿರುಗುತ್ತದೆ, ಅನ್ನ ಮಾತ್ರ ತಣ್ಣಗೇ ಇರುತ್ತದೆ. ಇಲ್ಲಿ ಕಿವಿಗೊಟ್ಟು ಕೇಳಿರಿ. ಎಂದಿಗಿಂತ ಜೋರಾಗಿ ಗುಂಯ್ ಎಂಬ ಸಪ್ಪಳ ಬಂದರೆ ಡಯೋಡ್, ಕರೆಂಟ್ ಕೂಡಿಡುವ ಕೆಪಾಸಿಟರ್ ಇಲ್ಲವೇ ಮ್ಯಾಗ್ನೆಟ್ರಾನ್ ಶಾರ್ಟ್ ಆಗಿರಬಹುದು. ಸಪ್ಪಳವೇ ಇಲ್ಲದೆ ಫ್ಯಾನಿನ ಗಾಳಿ ಮಾತ್ರ ಕೇಳಿದರೆ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರಿಗೆ ಕರೆಂಟ್ ಮುಟ್ಟುತ್ತಿಲ್ಲ. ಬಾಗಿಲಿನ ಸ್ವಿಚ್, ಕರೆಂಟನ್ನು ಹಚ್ಚಿ ಆರಿಸುವ ರಿಲೇಗಳ ಕಡೆ ಸಂಶಯ ಪಡಬೇಕು. ಬಾಗಿಲಿನ ಹಿಂದೆ ಸಾಮಾನ್ಯವಾಗಿ ಮೂರು ಪುಟ್ಟ ಸ್ವಿಚ್ ಇರುತ್ತವೆ. ಅಲಾರಂ ಆಗುವ ಮೊದಲೇ ಬಾಗಿಲು ಜಗ್ಗಿ ತೆರೆಯುವ ಮನೆಗಳಲ್ಲಿ ಇವು ಬೇಗ ಸುಡುತ್ತವೆ, ಏಕೆಂದರೆ ಪ್ರತಿ ಸಲವೂ ಪೂರ್ತಿ ಲೋಡ್ ಆ ಸ್ವಿಚ್ಚಿನಲ್ಲೇ ಕಡಿಯುತ್ತದೆ. ಮೊದಲು ಸ್ಟಾಪ್ ಒತ್ತಿ, ಆಮೇಲೆ ತೆರೆಯುವುದನ್ನು ಮಕ್ಕಳಿಗೂ ಕಲಿಸಿರಿ. ಸುಟ್ಟ ಸ್ವಿಚ್ ಅಂಟಿಕೊಂಡರೆ ಮೂರನೆಯದು ಬೇಕೆಂದೇ ಶಾರ್ಟ್ ಮಾಡಿ ಫ್ಯೂಜ್ ಹಾರಿಸುತ್ತದೆ. ಬಾಗಿಲು ತೆರೆದಿರುವಾಗ ಅಲೆಗಳು ಹೊರಬರದಿರಲಿ ಎಂದು ಮಾಡಿದ ಏರ್ಪಾಡು ಅದು. ಹಾಗಾಗಿ ಫ್ಯೂಜ್ ಹೊಸದು ಹಾಕಿದ ಕೂಡಲೇ ಮತ್ತೆ ಹೋದರೆ ಸ್ವಿಚ್ ಬದಲಿಸಬೇಕು. ಅಲ್ಲಿ ತಂತಿ ಸುತ್ತಿಕೊಟ್ಟು ‘ಆಯ್ತು ನೋಡ್ರಿ’ ಎನ್ನುವ ಮಿಸ್ತ್ರಿಯ ಕೈಗೆ ಮತ್ತೆ ಮೈಕ್ರೋವೇವ್ ಕೊಡಬೇಡಿರಿ.

ಈ ಕೆಲಸಗಳಿಗೆ ಹೊರಗಿನ ಕವಚ ಬಿಚ್ಚಬೇಕಾಗುತ್ತದೆ, ಅದನ್ನು ಮನೆಯವರು ಮಾಡಲೇಬಾರದು. ಒಳಗೆ ಸುಮಾರು 4000 ವೋಲ್ಟ್ ಓಡಾಡುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ಮಿಕ್ಸಿ, ಕೂಲರ್ ರಿಪೇರಿ ಬಲ್ಲ ಹುಡುಗರೂ ಇಲ್ಲೇ ಮೋಸ ಹೋಗುತ್ತಾರೆ. ಕೈಹಾಕುವ ಮುಂಚೆ ಕೆಪಾಸಿಟರಿನಲ್ಲಿ ಉಳಿದ ಕರೆಂಟ್ ಇಳಿಸಿ ಡಿಸ್ಚಾರ್ಜ್ ಮಾಡುವವನೇ ಕೆಲಸ ಬಲ್ಲವನು. ಹಳೆಯ ಭಾಗ ವಾಪಸ್ ಕೇಳಿರಿ, ಕವಚದ ಎಲ್ಲ ಸ್ಕ್ರೂ ಕೂತಿವೆಯೇ ಎಣಿಸಿರಿ.

ಐದಾರು ನಿಮಿಷ ಓಡಿ ತಾನೇ ನಿಂತು, ಆರಿದ ಮೇಲೆ ಮತ್ತೆ ಓಡಿದರೆ ಅದು ಝಳದ ತೊಂದರೆ. ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ಇರುವ ಊರು ನಮ್ಮದು. ಅಂಥದ್ದರಲ್ಲಿ ಶಹಾಬಾದ ಫರಸಿಯ ಗೂಡಿನೊಳಗೆ ತುರುಕಿ, ಮೇಲೆ ಕಸೂತಿ ಅರಿವೆ ಹೊದಿಸಿದರೆ ಬಿಸಿಗಾಳಿ ಎಲ್ಲಿಗೆ ಹೋದೀತು? ಹಿಂದೆ ಒಂದು ಗೇಣು, ಮೇಲೆ ಅದಕ್ಕಿಂತ ಹೆಚ್ಚು ಜಾಗ ಬಿಡಿರಿ. ಪಕ್ಕದಲ್ಲೇ ರೊಟ್ಟಿ ತಟ್ಟುವ ಮನೆಯಲ್ಲಿ ಜೋಳದ ಹಿಟ್ಟನ್ನು ಫ್ಯಾನ್ ಎಳೆದುಕೊಂಡು ಗಾಳಿಯ ಜಾಲರಿ ಕಟ್ಟುತ್ತದೆ. ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಒಣ ಬ್ರಶ್ಶಿನಿಂದ ಜಾಲರಿ ಝಾಡಿಸಿರಿ.

ಬಿಸಿಯಾಗಲು ಮೊದಲಿಗಿಂತ ಹೊತ್ತು ಹಿಡಿದರೆ ನೀರಿನ ಪರೀಕ್ಷೆ ಮಾಡಿರಿ. ಅಗಲ ಗಾಜಿನ ಪಾತ್ರೆಯಲ್ಲಿ ಒಂದು ಲೀಟರ್ ನೀರು ಹಾಕಿ, ಅಡುಗೆಯ ತಾಪಮಾಪಕದಿಂದ ಅಳೆದು, ಪೂರ್ತಿ ಪವರಿನಲ್ಲಿ ಎರಡು ನಿಮಿಷ ಓಡಿಸಿ, ಕಲಕಿ ಮತ್ತೆ ಅಳೆಯಿರಿ. ಏರಿದ ಡಿಗ್ರಿಯನ್ನು 35ರಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. 28 ಇದ್ದದ್ದು 46 ಆದರೆ 18 ಡಿಗ್ರಿ, ಅಂದರೆ 630 ವ್ಯಾಟ್. ಪಾತ್ರೆಯೂ ಒಂದಿಷ್ಟು ಬಿಸಿ ಕುಡಿಯುವುದರಿಂದ 800 ವ್ಯಾಟಿನ ಮಷೀನಿಗೆ ಇದು ಸರಿಯೇ. 500ಕ್ಕಿಂತ ಕೆಳಗಿದ್ದರೆ ಮ್ಯಾಗ್ನೆಟ್ರಾನ್ ದಣಿದಿರಬಹುದು. ತೀರ್ಮಾನಕ್ಕೆ ಮೊದಲು ವೋಲ್ಟೇಜ್ ಅಳೆಸಿರಿ. 230ರ ಬದಲು 190 ಬರುತ್ತಿದ್ದರೆ ಮಷೀನಿನದೇನೂ ತಪ್ಪಿಲ್ಲ.

ಬಟನ್ ಒತ್ತಿದರೂ ಮಷೀನು ಏಳದಿದ್ದರೆ ಮೊದಲು ಚೈಲ್ಡ್ ಲಾಕ್ ನೋಡಿರಿ. ಅದಲ್ಲವಾದರೆ ಬಟನ್ನಿನ ಪದರ ಹೋಗಿರುತ್ತದೆ, ನಿಮ್ಮ ಮಾಡೆಲಿನದೇ ಬೇಕು. ಹಿಂಭಾಗದ ಚೀಟಿಯ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಬಿಡಿಭಾಗದ ಅಂಗಡಿಗಳ ಕಡೆ ಹೋಗಿರಿ.

ಮಷೀನನ್ನು ಬಿಡಬೇಕಾದ ಕಾರಣಗಳು ಬೇರೆಯೇ ಇವೆ. ಬಾಗಿಲು ವಾರೆಯಾಗಿದ್ದರೆ, ಅದರ ಗಾಜಿನೊಳಗಿನ ಜಾಲರಿ ಹರಿದಿದ್ದರೆ, ಕೀಲು ಮುರಿದಿದ್ದರೆ, ಒಳಗಿನ ತಗಡಿಗೆ ತುಕ್ಕು ಹಿಡಿದು ತೂತು ಬಿದ್ದಿದ್ದರೆ ಅದು ಎಷ್ಟೇ ಚೆನ್ನಾಗಿ ಬಿಸಿ ಮಾಡಲಿ, ಅವತ್ತೇ ನಿಲ್ಲಿಸಿರಿ. ಮೊಬೈಲ್ ಒಳಗಿಟ್ಟು ರಿಂಗ್ ಮಾಡಿ ಅಲೆಗಳ ಸೋರಿಕೆ ನೋಡುವುದು ಲೆಕ್ಕಕ್ಕಿಲ್ಲ. ಬರೀ ಬಣ್ಣ ಎದ್ದು ಮೇಲ್ತುಕ್ಕು ಬಂದಿದ್ದರೆ ಉಜ್ಜಿ, ಮೈಕ್ರೋವೇವಿಗೆಂದೇ ಬರುವ ಬಣ್ಣ ಬಳಿಸಿದರೆ ಸಾಕು. ಮ್ಯಾಗ್ನೆಟ್ರಾನ್ ಹೋದಾಗ ಮೊದಲು ಬಿಲ್ ಹುಡುಕಿರಿ. ಹಲವು ಕಂಪನಿಗಳು ಅದಕ್ಕೆ ಪ್ರತ್ಯೇಕವಾಗಿ ಹೆಚ್ಚು ವರ್ಷದ ವಾರಂಟಿ ಕೊಡುತ್ತವೆ. ವಾರಂಟಿ ಮುಗಿದು, ಖರ್ಚು ಹೊಸದರ ಬೆಲೆಯ ಮೂರನೇ ಒಂದು ಪಾಲು ದಾಟಿದರೆ ರಿಪೇರಿ ಬೇಡ.

ಬರೀ ಅನ್ನ, ಪಲ್ಯ, ಚಹಾ ಬಿಸಿ ಮಾಡುವ ಮನೆಗೆ 20 ಲೀಟರಿನ ಸೋಲೋ (ಗ್ರಿಲ್, ಕನ್ವೆಕ್ಷನ್ ಇಲ್ಲದ ಸಾದಾ ಮಾಡೆಲ್), ಅದೂ ತಿರುಗಿಸುವ ಗುಬ್ಬಿಯದು ಒಳ್ಳೆಯದು. ಅದರಲ್ಲಿ ಕೆಡಲು ಬಟನ್ ಪದರವೇ ಇಲ್ಲ. ಸರ್ವಿಸ್ ಕಲಬುರಗಿಯಲ್ಲೇ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿರಿ. ಹಳೆಯದನ್ನು ಎಕ್ಸ್‌ಚೇಂಜಿಗೆ ಇಲ್ಲವೇ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿರಿ. ತಾಮ್ರದ ಆಸೆಗೆ ಮನೆಯಲ್ಲಿ ಒಡೆಯಬೇಡಿರಿ: ಕೆಪಾಸಿಟರಿನ ಅಪಾಯ ಒಂದಾದರೆ, ಕೆಲವು ಮ್ಯಾಗ್ನೆಟ್ರಾನಿನ ಪಿಂಗಾಣಿ ಬಳೆಯಲ್ಲಿ ಬೆರಿಲಿಯಂ ಆಕ್ಸೈಡ್ ಇರಬಹುದು, ಅದು ಪುಡಿಯಾಗಿ ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ವಿಷ.